ಹುಲ್ಲುಹಾಸಿಗೆ ತೂತು ಹೊಡೆಯುವ ಅನುಮತಿಯ ಬಗ್ಗೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಪತ್ನಿಯೂ ಜಯನಗರದ ಒಂದು ಮನೆಯ ಕೆಳ ಅಂತಸ್ತಿನಲ್ಲಿ ಬಾಡಿಗೆಗೆ ಇದ್ದೆವೆಂದು ಮೊದಲಿಗೆ ನಿವೇದಿಸಿಕೊಳ್ಳುತ್ತೇನೆ. ಕಚೇರಿಯ ಟಿಪ್ಪಣಿಗಳ ಹೊರತು ಬೇರೇನನ್ನೂ ಬರೆದ ಅಭ್ಯಾಸ ನನಗಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ತಿಳಿಸುವುದು ಕ್ಷೇಮವೆಂದು ಭಾವಿಸಿದ್ದೇನೆ.

ಮನೆಯ ಒಡತಿ ಮಹಡಿಯಲ್ಲಿ ಒಬ್ಬರೇ ವಾಸವಾಗಿದ್ದರು. ಮುಂದಿನ ಹುಲ್ಲುಹಾಸು ಅವರ ದಿವಂಗತ ಪತಿ ಕೈಯಾರೆ ಬೆಳೆಸಿದ್ದು. ಆ ಮಹನೀಯರು ಪ್ರತಿ ಭಾನುವಾರ ಅದರ ಮೇಲೆ ಕಲ್ಲಿನ ರೋಲರ್ ಎಳೆಯುತ್ತಿದ್ದರಂತೆ. ಅವರ ನಂತರ ಸದರಿ ಕೆಲಸ ಬಾಡಿಗೆದಾರನದು ಎಂಬುದು ಮನೆ ಕೊಡುವಾಗಲೇ ವಿಧಿಸಿದ ಷರತ್ತು. ನಾನು ತಪ್ಪದೆ ಎಳೆದೆ. ಕೇರಂ ಬೋರ್ಡಿನ ಹಾಗಿದೆ ಎಂದು ಅವರು ಮೇಲಿನಿಂದ ಮೆಚ್ಚುತ್ತಿದ್ದರು.

ಆ ವರ್ಷದ ಮಳೆಗಾಲದಲ್ಲಿ ಹುಲ್ಲು ಹಳದಿಯಾಗತೊಡಗಿತು. ನೀರು ಇಂಗದೆ ನಿಂತು ಪಾಚಿ ಕಟ್ಟಿತು. ವಾರದ ನಡುವೆಯೂ ರೋಲರ್ ಎಳೆಯುವಂತೆ ಒಡತಿ ಸೂಚಿಸಿದರು. ಎಳೆದಷ್ಟೂ ಹಳದಿ ಹರಡಿತು. ಒಂದು ಸಂಜೆ ಅವರು ನನ್ನನ್ನು ಮೆಟ್ಟಿಲ ಬಳಿ ತಡೆದರು.

"ನೋಡಿ, ಸೋಪಿನ ನೀರು ಚೆಲ್ತಿದೀರೋ ಏನೋ ನಂಗೊತ್ತಿಲ್ಲ. ನಮ್ಮನೆಯವರ ಹುಲ್ಲು ಹೋಯ್ತು ಅಂದ್ರೆ ನೀವೂ ಬೇರೆ ಮನೆ ನೋಡ್ಕೋಬೇಕಾಗತ್ತೆ. ದಸರಾವರೆಗೂ ನೋಡ್ತೀನಿ, ಅಷ್ಟೆ."

ನನ್ನ ಪತ್ನಿ ಆಗ ಏಳು ತಿಂಗಳ ಗರ್ಭಿಣಿ. ಆಕೆಗೆ ತಾಯಿ ಇರಲಿಲ್ಲವಾದ್ದರಿಂದ ಬಾಣಂತನ ಆ ಮನೆಯಲ್ಲೇ ಆಗಬೇಕಿತ್ತು. ಹಸುಗೂಸನ್ನು ಹೊತ್ತು ಮನೆ ಹುಡುಕುವ ಯೋಚನೆ ಕಚೇರಿಯಲ್ಲೂ ನನ್ನ ಬೆನ್ನು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಛತ್ರಿಯ ಮೊನೆಯನ್ನು ಹುಲ್ಲಿನ ನಡುವೆ ಒತ್ತಿ ನೋಡಿದೆ. ಸಿಮೆಂಟಿಗೆ ಒತ್ತಿದಂತಾಯಿತು. ಕಾಂಪೌಂಡ್ ಗೋಡೆಯ ಅಂಚಿನಲ್ಲಿ, ರೋಲರ್ ತಲುಪಲಾಗದ ಕಡೆ, ಮೊನೆ ಸಲೀಸಾಗಿ ಇಳಿಯಿತು. ಅಲ್ಲಿ ಮಾತ್ರ ಹುಲ್ಲು ಹಸಿರಾಗಿತ್ತು. ಮಣ್ಣು ಬಿಗಿದು ಬೇರಿಗೆ ಗಾಳಿಯೂ ನೀರೂ ಇಳಿಯುತ್ತಿಲ್ಲವೆಂಬುದು ಸ್ಪಷ್ಟವಾಯಿತು. ಆದರೆ ಈ ಅಂಶವನ್ನು ಒಡತಿಯ ಗಮನಕ್ಕೆ ತರುವುದೆಂದರೆ, ಅವರ ಪತಿಯ ರೋಲರೇ ಪತಿಯ ಹುಲ್ಲನ್ನು ಕೊಲ್ಲುತ್ತಿದೆಯೆಂದು ಹೇಳಿದಂತೆ. ಆದರೂ ಮಹಡಿ ಹತ್ತಿದೆ.

"ಅಮ್ಮ, ಮಣ್ಣು ಗಟ್ಟಿಯಾಗ್ಬಿಟ್ಟಿದೆ. ಹಾರೆಯಲ್ಲಿ ತೂತು ಹೊಡೆದು ಮರಳು ತುಂಬಿದ್ರೆ ಸರಿಹೋಗಬಹುದು."

"ತೂತಾ? ಅಷ್ಟು ವರ್ಷ ಅವ್ರು ಎಳೆದಿದ್ದೆಲ್ಲ ತಪ್ಪು ಅಂತೀರಾ?"

"ಹಾಗಲ್ಲಮ್ಮ. ಒಂದು ಜಮಖಾನೆ ಹಾಸೋವಷ್ಟು ಜಾಗ ಕೊಡಿ ಸಾಕು. ಅದು ಕೆಟ್ರೆ ನಾವೇ ಮನೆ ಬಿಡ್ತೀವಿ."

ಬಾಯಿಂದ ಮಾತು ಹೊರಟಾಗಿತ್ತು. ಆ ಷರತ್ತಿನ ಮೇಲೆ ಒಡತಿ ಅನುಮತಿ ನೀಡಿದರು. ಕೆಳಗೆ ಬಂದು ಪತ್ನಿಗೆ ವರದಿ ಒಪ್ಪಿಸಿದಾಗ ಆಕೆ ಹೇಳಿದ್ದಿಷ್ಟೇ: "ರೀ, ಹಾಗೆ ಅನ್ನೋ ಮುಂಚೆ ನನ್ನ ಹೊಟ್ಟೆ ಒಂದ್ಸಲ ಜ್ಞಾಪಿಸ್ಕೋಬಾರದಿತ್ತಾ?"

ಭಾನುವಾರ ರೋಲರ್ ಎಳೆಯಲಿಲ್ಲ. ಒಡತಿ ಬಾಲ್ಕನಿಯಲ್ಲಿ ನಿಂತು ನೋಡುತ್ತಿರುವಾಗ ಜಮಖಾನೆಯಷ್ಟು ಜಾಗದಲ್ಲಿ ಗೇಣು ಗೇಣಿಗೆ ಒಂದರಂತೆ ಹಾರೆ ಇಳಿಸಿ, ತೂತಿಗೆ ಮರಳು ತುಂಬುತ್ತಾ ಹೋದೆ. ಪ್ರತಿ ಪೆಟ್ಟಿಗೂ ಅವರು ಸೆರಗನ್ನು ಬಿಗಿಹಿಡಿಯುತ್ತಿದ್ದರು. ಪಕ್ಕದ ಮನೆಯವರು ಗೋಡೆಯಾಚೆಯಿಂದ ಇಣುಕಿ, "ಏನ್ ಸಾರ್, ಬಾವಿ ತೋಡ್ತಿದೀರಾ? ನೀರು ಬಂದ್ರೆ ನಮ್ಗೂ ಒಂದು ಪೈಪ್ ಬಿಡಿ!" ಎಂದರು. ಯಾರೂ ನಗಲಿಲ್ಲ.

ಮುಂದಿನ ದಿನಗಳಲ್ಲಿ ತೂತುಗಳ ಸುತ್ತ ಇದ್ದಬದ್ದ ಹುಲ್ಲೂ ಸೊರಗಿತು. ಒಡತಿ ಮಾತು ನಿಲ್ಲಿಸಿದರು. 'ಬಾಡಿಗೆಗೆ ಇದೆ' ಎಂಬ ಹಳೆಯ ಹಲಗೆ ಧೂಳು ಒರೆಸಿಕೊಂಡು ಮೆಟ್ಟಿಲ ಕೆಳಗೆ ಬಂದು ಕುಳಿತಿತು. ಪತ್ನಿ ಅದನ್ನು ಕಂಡೂ ಕಾಣದಂತೆ ದಾಟಿಹೋಗುತ್ತಿದ್ದಳು.

ಬಳಿಕ ಒಂದು ಮಧ್ಯಾಹ್ನ ಜೋರು ಮಳೆ ಬಿತ್ತು. ಅಂಗಳವೆಲ್ಲ ಕೆರೆಯಾದರೂ ನಾನು ತೂತು ಹೊಡೆದ ಕಡೆ ಮಾತ್ರ ನೀರು ಗುಳ್ಳೆಯೇಳುತ್ತಾ ಒಳಗೆ ಇಳಿಯುತ್ತಿತ್ತು. ಮೇಲೆ ನೋಡಿದೆ. ಒಡತಿಯೂ ನೋಡುತ್ತಿದ್ದರು, ಆಮೇಲೆ ಒಳಗೆ ಹೋದರು.

ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಆ ಜಾಗದಲ್ಲಿ ಎಳೆ ಹುಲ್ಲು ಕಾಣಿಸಿಕೊಂಡಿತು. ಒಡತಿ ಕೆಳಗಿಳಿದು ಬಂದು, ಕುಕ್ಕುರುಗಾಲಲ್ಲಿ ಕುಳಿತು, ಅದರ ಮೇಲೆ ಅಂಗೈ ಆಡಿಸಿದರು. ನಾನು ಕೈಕಟ್ಟಿ ನಿಂತಿದ್ದೆ.

"ಅವ್ರಿಗೆ ಗೊತ್ತಿದ್ದಿದ್ರೆ ಅವ್ರೇ ಮಾಡಿರೋರು," ಎಂದರು.

"ಖಂಡಿತ ಅಮ್ಮ."

"ಮಿಕ್ಕಿದ್ದಕ್ಕೂ ಹೊಡೀರಿ. ಗೇಟ್ ಹತ್ರ ಜೋಪಾನ, ನಲ್ಲಿ ಪೈಪ್ ಇದೆ ಅಲ್ಲಿ."

ಎದ್ದು ನಿಂತವರು ನಮ್ಮ ಕಿಟಕಿಯತ್ತ ತಿರುಗಿದರು. "ಏನಮ್ಮಾ, ಬಾಣಂತನಕ್ಕೆ ಹಂಡೆ ತಗೊಳ್ಳೋಕೆ ಹೋಗ್ಬೇಡ. ನಮ್ದು ತಾಮ್ರದ್ದು ಮೇಲಿದೆ. ನಿಮ್ಮನೆಯವರ ಕೈಲಿ ಇಳಿಸ್ಕೋ."

ನಾನು ಕೃತಜ್ಞತೆ ಸಲ್ಲಿಸಲು ತಕ್ಕ ಪದಗಳಿಗಾಗಿ ತಡಕಾಡುತ್ತಿರುವಾಗಲೇ ಒಳಗಿನಿಂದ ಪತ್ನಿಯ ಉತ್ತರ ಬಂತು: "ಈಗ್ಲೇ ಇವ್ರನ್ನ ಕಳಿಸ್ತೀನಮ್ಮ!"