ಇಂಜಿನ್ ಹಾಡಿನ ಕೆಮ್ಮು

ಅಣ್ಣನ ಬ್ಯಾಂಡಿನಲ್ಲಿ ಮೂವರಿದ್ದರು. ಅಣ್ಣ ಗಿಟಾರ್ ನುಡಿಸುತ್ತ ಹಾಡುತ್ತಿದ್ದ. ಅವನ ಗೆಳೆಯರಿಬ್ಬರಲ್ಲಿ ಒಬ್ಬನದು ಡ್ರಮ್ಸ್, ಇನ್ನೊಬ್ಬನದು ಕೀಬೋರ್ಡ್. ಶಹಾಪುರದಲ್ಲಿ ರಾಕ್ ಕೇಳುವವರು ಯಾರು? ಮೊದಲ ವರ್ಷ ಗಂಭೀರ ಹಾಡುಗಳನ್ನೇ ಹಾಡಿದರು. ಜನ ಎದ್ದು ಚಹಾ ಕುಡಿಯಲು ಹೋದರು. ಆಮೇಲೆ ಅಣ್ಣ ಇಂಜಿನ್ ಹಾಡು ಕಟ್ಟಿದ. ಕಾಲುವೆ ದಂಡೆಯ ಹಳೆಯ ಡೀಸೆಲ್ ಇಂಜಿನ್ ನೀರೆತ್ತಲಾರೆನೆಂದು ಹಟ ಹಿಡಿಯುತ್ತದೆ. ಒಡೆಯ ಅದನ್ನು ಮುನಿಸಿಕೊಂಡ ಅಳಿಯನಂತೆ ರಮಿಸುತ್ತಾನೆ. ಪ್ರತಿ ಚರಣದ ಕೊನೆಗೆ ಇಂಜಿನ್ ಕೆಮ್ಮಬೇಕು. ಆ ಕೆಮ್ಮು ಅಣ್ಣನದು. ಹುಣಸಗಿಯ ಮದುವೆಗಳಿಂದ ಭೀಮರಾಯನಗುಡಿ ಕ್ಯಾಂಪಿನ ಗಣಪತಿಯವರೆಗೆ ಎಲ್ಲರಿಗೂ ಅದೊಂದೇ ಹಾಡು ಬೇಕಾಯಿತು. ಬೇರೆ ಏನನ್ನಾದರೂ ಶುರು ಮಾಡಿದರೆ ಹಿಂದಿನಿಂದ ಕೂಗು: "ಏ, ಇಂಜಿನ್ ಚಾಲೂ ಮಾಡಪಾ!"

ಮನೆಯಲ್ಲೂ ಅವನು ಕೆಮ್ಮನ್ನೇ ಅಭ್ಯಾಸ ಮಾಡುತ್ತಿದ್ದ. ಅವ್ವ ರೊಟ್ಟಿ ಬಡಿಯುತ್ತಲೇ ಬೈಯುತ್ತಿದ್ದಳು: "ಸಾಕ ಮಾಡೋ, ನಿನ್ನ ಇಂಜಿನ್ನಿಗಿ ನೆಗಡಿ ಆಗ್ಯದೇನು?" ಆ ಕೆಮ್ಮು ಯಾವಾಗ ನಿಜವಾಯಿತೋ ಯಾರಿಗೂ ತಿಳಿಯಲಿಲ್ಲ. ಸುರಪುರದ ಒಂದು ಮದುವೆಯಲ್ಲಿ ಅವನು ಮೈಕಿನ ಮುಂದೆ ಬಾಗಿ, ನಿಲ್ಲಿಸಲಾಗದೆ ಕೆಮ್ಮಿದ. ಮಂದಿ ಸಿಳ್ಳೆ ಹೊಡೆದು ಮತ್ತೊಮ್ಮೆ ಎಂದರು. ಯಾದಗಿರಿಯ ಡಾಕ್ಟರು ಎಕ್ಸ್-ರೇ ನೋಡುವ ಹೊತ್ತಿಗೆ ಎರಡೂ ಶ್ವಾಸಕೋಶಗಳು ಕೆಟ್ಟಿದ್ದವು. ಮುಂದಿನ ಬೇಸಿಗೆಗೆ ಅಣ್ಣ ಇರಲಿಲ್ಲ.

ಹಾಡು ಇತ್ತು. ಟಂಟಂ ಆಟೋಗಳಲ್ಲಿ ಹಾಕುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಯಾರದೋ ಫೋನು ಅವನ ಕೆಮ್ಮಿನಲ್ಲಿ ರಿಂಗಾದರೆ ನಾನು ಈಗಲೂ ತಿರುಗಿ ನೋಡುತ್ತೇನೆ.

ಕಳೆದ ವರ್ಷ ಆ ಗೆಳೆಯರಿಬ್ಬರೂ ಮನೆಗೆ ಬಂದರು. ಬ್ಯಾಂಡನ್ನು ಮತ್ತೆ ಶುರು ಮಾಡಬೇಕೆಂದಿದ್ದರು.

"ಯವ್ವಾ, ಆ ಕೆಮ್ಮ ನಮಗ್ಯಾರಿಗೂ ಬರಂಗಿಲ್ರಿ. ಅವಂದ ರೆಕಾರ್ಡಿಂಗ್ ಹಾಕ್ತೀವಿ. ನೀವು ಹೂಂ ಅಂದ್ರ ಅಷ್ಟ," ಎಂದ ಡ್ರಮ್ಸಿನವ.

"ಆರಾಮ ಇದ್ದಾಗಿಂದು ಹಾಕ್ರಿ. ಬ್ಯಾನಿ ಬಂದಾಗಿಂದು ಬ್ಯಾಡ," ಎಂದಳು ಅವ್ವ.

ಅವರ ಫೋನಿನಲ್ಲಿ ಬೇರೆ ಬೇರೆ ಕಾರ್ಯಕ್ರಮಗಳ ರೆಕಾರ್ಡಿಂಗುಗಳಿದ್ದವು. ಯಾವುದು ಯಾವಾಗಿನದೆಂಬ ಗುರುತಿರಲಿಲ್ಲ. ಒಂದೊಂದಾಗಿ ಕೇಳಿಸಿದರು. ಅವ್ವ ಕಣ್ಣು ಮುಚ್ಚಿಕೊಂಡಿದ್ದಳು. "ಇದು... ಅಲ್ಲ, ಮೊದಲಿಂದು ಹಾಕು." ಮತ್ತೆ ಕೇಳಿದಳು. ಕೊನೆಗೆ ಫೋನನ್ನು ಆಚೆ ಸರಿಸಿ, "ತಿಳೀವಲ್ದು," ಎಂದಳು.

ನನಗೂ ತಿಳಿಯಲಿಲ್ಲ. ಅಣ್ಣ ಅಷ್ಟು ಚೆನ್ನಾಗಿ ಕೆಮ್ಮುತ್ತಿದ್ದ.

ರೆಕಾರ್ಡಿಂಗ್ ಬೇಡವೆಂದಾಯಿತು. ಕೆಮ್ಮಿನ ಜಾಗ ಖಾಲಿ ಬಿಟ್ಟು ಹಾಡುತ್ತೇವೆಂದು ಹೇಳಿ ಹೋದರು. ಮೊದಲ ಕಾರ್ಯಕ್ರಮ ಭೀಮರಾಯನಗುಡಿಯಲ್ಲಿ, ಸಂಜೆ. ಅವ್ವ ಬರುತ್ತೇನೆಂದಳು, ಕರೆದುಕೊಂಡು ಹೋದೆ. ಮೊದಲ ಚರಣ ಮುಗಿಯಿತು, ವಾದ್ಯಗಳು ನಿಂತವು. ಆ ಖಾಲಿ ಜಾಗದಲ್ಲಿ ಇಡೀ ಮೈದಾನವೇ ಕೆಮ್ಮಿತು, ಅವನದೇ ತಾಳದಲ್ಲಿ, ಅವನ ಹಾಗೆಯೇ ಕೊನೆಗೆ ಎಳೆದು. ಆಮೇಲೆ ನಗು.

ಅವ್ವ ಎದ್ದು ನಿಂತಿದ್ದಳು. ಮನೆಗೆ ಹೊರಟಳೆಂದುಕೊಂಡೆ. ಆದರೆ ಅವಳು ವೇದಿಕೆಗೆ ಬೆನ್ನು ಮಾಡಿ, ಕೂತವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

"ನೀನೂ ನೋಡವಾ," ಎಂದಳು. "ಈ ಮಂದ್ಯಾಗ ಯಾರಿಗರೆ ಖರೇನ ಕೆಮ್ಮ ಅದೇನು."