ಬಾನ್ ವೊಯಾಜ್ ಮೇಷ್ಟರ ಪ್ರಯಾಣ

ಕೋಲ್ಕತ್ತದ ಜಾದವ್‌ಪುರದಲ್ಲಿ ನಮ್ಮ ಮೇಲಿನ ಮನೆಯ ಶಂಕರಲಿಂಗ ಅವರು ಧಾರವಾಡದವರು. ಇಪ್ಪತ್ತೆರಡು ವರ್ಷದಿಂದ ಇಲ್ಲೊಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟರು. ಫ್ರಾನ್ಸನ್ನು ಕಂಡವರಲ್ಲ, ಆದರೂ ಆ ದೇಶದ ಒಂದು ಮಾತಿನ ಉಸ್ತುವಾರಿ ಹೊತ್ತಿದ್ದರು: ‘ಬಾನ್ ವೊಯಾಜ್’.

ಶುಭ ಪ್ರಯಾಣ ಎಂದರ್ಥ. ಫ್ರೆಂಚರದು, ಇಂಗ್ಲಿಷಿನವರು ಹಾಗೆಯೇ ಎತ್ತಿಕೊಂಡರು. ದೂರ ಹೋಗುವವರಿಗೆ ಹೇಳಬೇಕು, ಮೀನು ತರಲು ಹೊರಟವರಿಗಲ್ಲ. ಇಷ್ಟನ್ನು ಅವರು ಕಟ್ಟಡದ ಕಾವಲುಗಾರನಿಗೂ ಪಾಠ ಮಾಡಿ ಮುಗಿಸಿದ್ದರು. ಕನ್ನಡದ ಹುಡುಗರು ಓದು ಮುಗಿಸಿ ಊರಿಗೆ ಹೊರಟರೆ ಹೌರಾ ಸ್ಟೇಷನ್ನಿಗೇ ಹೋಗಿ, ರೈಲು ಅಲುಗುವವರೆಗೂ ಬೀಳ್ಕೊಡಲು ಬಂದವರ ಉಚ್ಚಾರ ತಿದ್ದುತ್ತಿದ್ದರು.

ಅವರ ಎದುರು ಮನೆಯ ಬಂಗಾಳಿ ಅಜ್ಜಿ, ಎಲ್ಲರ ಬಾಯಲ್ಲೂ ಮಾಶಿಮಾ, ಯಾರು ಹೊರಟರೂ ದುರ್ಗೆಯನ್ನು ನೆನೆದು ಕೈಮುಗಿದು ‘ದುಗ್ಗಾ ದುಗ್ಗಾ’ ಎನ್ನುತ್ತಾರೆ. ಮೇಷ್ಟರ ಹೆಂಡತಿ ವಾಸಂತಿ ‘ಹೋಗಿ ಬರ್ರಿ’ ಎನ್ನುತ್ತಿದ್ದಳು. ಎರಡೂ ಹಳ್ಳಿ ಮಾತೆಂದು ತೀರ್ಪಾಯಿತು. ವಾಸಂತಿ ತಿದ್ದಿಕೊಂಡಳು. ಮಾಶಿಮಾಗೆ ಕಿವಿ ಮಂದ; ದೇವರು ಅವರನ್ನು ಕಾಪಾಡಿದ.

ಈ ವರ್ಷ ಮೇಷ್ಟರ ಹೃದಯದ ಕವಾಟ ಕೈಕೊಟ್ಟಿತು. ಬೆಂಗಳೂರಿನಲ್ಲಿ ಆಪರೇಷನ್, ನೋಡಿಕೊಳ್ಳಲು ಅಲ್ಲಿ ತಮ್ಮ ಇದ್ದಾನೆ. ಮಗಳು ಖುಷಿಯ ಬೋರ್ಡ್ ಪರೀಕ್ಷೆಗೆಂದು ವಾಸಂತಿ ಇಲ್ಲೇ ಉಳಿಯಬೇಕಾಯಿತು. ಬದುಕುವುದು ಅರ್ಧಕ್ಕರ್ಧ ಎಂದಿದ್ದರಂತೆ ಡಾಕ್ಟರು.

ಹೊರಡುವ ಬೆಳಿಗ್ಗೆ ಕಾಳಿಘಾಟ್ ಗುಡಿಯ ಕುಂಕುಮ ಹಿಡಿದು ನಾನೂ ಮೇಲೆ ಹೋದೆ. ಮೆಟ್ಟಿಲ ತುಂಬ ಶಿಷ್ಯರು. ಎಲ್ಲರೂ ಒಂದೇ ದನಿಯಲ್ಲಿ, “ಬಾನ್ ವೊಯಾಜ್, ಸರ್!”

ಒಬ್ಬರ ಉಚ್ಚಾರವೂ ತಪ್ಪಲಿಲ್ಲ. ಗುರುವಿಗೆ ಇದಕ್ಕಿಂತ ಭಾಗ್ಯವುಂಟೆ? ಮೇಷ್ಟರ ಮುಖ ಮಾತ್ರ ಸುಣ್ಣದಂತಾಯಿತು. ಹೊಸ್ತಿಲ ಮೇಲೆ ನಿಂತವರು ಹೆಂಡತಿಯನ್ನೇ ನೋಡಿದರು.

ಅವಳೂ ಅಚ್ಚುಕಟ್ಟಾಗಿ ಹೇಳಿದಳು, “ಬಾನ್ ವೊಯಾಜ್ ರೀ.”

“ಅದು ಬ್ಯಾಡ.”

“ಯಾಕ್ರೀ? ಮತ್ತ ತಪ್ಪಾತೇನು?”

“ತಪ್ಪೇನಿಲ್ಲ. ಅದರಾಗ ಹೋಗೂದಷ್ಟ ಐತಿ. ಬರೂದಿಲ್ಲ.”

“ಅಯ್ಯ, ಇಪ್ಪತ್ತೆರಡು ವರ್ಷ ಆದಮ್ಯಾಲೆ ಗೊತ್ತಾತೇನ್ರಿ?” ಎಂದಳು ವಾಸಂತಿ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನಿಂದು ಅದೊಂದ್ ಇತ್ತಲ್ಲ, ಅದನ್ನ ಅನ್ನು.”

“ಹಳ್ಳಿ ಮಾತು ಐತ್ರಿ ಅದು.”

“ವಾಸಂತಿ, ಟ್ಯಾಕ್ಸಿ ನಿಂತೈತಿ.”

“ಹೋಗಿ ಬರ್ರಿ,” ಎಂದಳು.

ಮೇಷ್ಟರು ಹೊಸ್ತಿಲು ದಾಟಿದರು. ನನ್ನ ಕುಂಕುಮಕ್ಕೆ ಹಣೆ ಬಗ್ಗಿಸಿದರು; ಮಾಶಿಮಾ ‘ದುಗ್ಗಾ ದುಗ್ಗಾ’ ಎನ್ನುವವರೆಗೆ ಅವರ ಬಾಗಿಲಲ್ಲಿ ಕಾದರು. ನಾಲ್ಕು ಮೆಟ್ಟಿಲು ಇಳಿದವರಿಗೆ ಹಳೆಯ ಚಟ ಕೆಣಕಿತು. ಕತ್ತೆತ್ತಿ ಕೂಗಿದರು:

“ಬರೇ ‘ಹೋಗಿ ಬರ್ರಿ’ ಅಲ್ಲ. ‘ಹೋಗಿ ಲಗೂನ ಬರ್ರಿ’ ಅನಬೇಕು!”

ವಾಸಂತಿ ತಿದ್ದಿಕೊಂಡಳು.