ಕೊಡಚಾದ್ರಿಯಿಂದ ಅಕ್ಕನ ಮನೆಗೆ, ಒಂದು ಲಾಡ್ಜಿನ ಮೂಲಕ

ಪರ್ವತಗಳು ಮನುಷ್ಯನಿಗೆ ಅವನ ಅಲ್ಪತ್ವವನ್ನು ಕಲಿಸುತ್ತವೆ ಎಂದು ಬಲ್ಲವರು ಹೇಳುತ್ತಾರೆ. ಇರಬಹುದು. ಕೊಡಚಾದ್ರಿ ನನಗೆ ಕಲಿಸಿದ್ದು ಇಷ್ಟೇ: ನಮ್ಮ ಬಸ್ಸುಗಳ ಮೊದಲ ಮೆಟ್ಟಿಲು ನೆಲದಿಂದ ಅಗತ್ಯಕ್ಕಿಂತ ಬಹಳ ಎತ್ತರದಲ್ಲಿದೆ. ಶನಿವಾರ ಮಧ್ಯಾಹ್ನ ನಿಟ್ಟೂರಿನಲ್ಲಿ ಶಿವಮೊಗ್ಗದ ಬಸ್ಸು ಬಂದು ನಿಂತಾಗ ನಾನೂ ನನ್ನ ಹೆಂಡತಿ ಸರೋಜಳೂ ಆ ಮೆಟ್ಟಿಲಿನ ಮುಂದೆ ಗರ್ಭಗುಡಿಯ ಎದುರು ನಿಂತವರಂತೆ ನಿಂತೆವು.

"ಹತ್ತಿ ಯಜಮಾನ್ರೇ, ಮಂಗಳಾರತಿ ಆಮೇಲೆ" ಎಂದ ಕಂಡಕ್ಟರು.

ಸರೋಜಳನ್ನು ನಾನು ಹಿಂದಿನಿಂದ ತಳ್ಳಿದೆ. ನನ್ನನ್ನು ಕಂಡಕ್ಟರು ಮೇಲಿನಿಂದ ಎಳೆದುಕೊಂಡ.

ನನಗೆ ಅರವತ್ತೊಂದು, ಅವಳಿಗೆ ಐವತ್ತೇಳು. ಗುಡ್ಡದ ತುದಿಯವರೆಗೆ ಜೀಪು ಹೋಗುತ್ತದೆ. ಆದರೆ ಜೀಪು ಹತ್ತುವುದು ವಯಸ್ಸಾದವರ ಲಕ್ಷಣವೆಂದು ಸರೋಜ ತೀರ್ಮಾನಿಸಿದ್ದರಿಂದ ಶುಕ್ರವಾರ ಜಲಪಾತದ ದಾರಿಯಲ್ಲಿ ನಡೆದೇ ಹತ್ತಿದೆವು. ಮೇಲೆ ಒಂದು ರಾತ್ರಿ ಚಾಪೆಯ ಮೇಲೆ ನಡುಗಿ, ಶನಿವಾರ ನಡೆದೇ ಇಳಿದೆವು. ಮಂಜು ದಟ್ಟವಾಗಿತ್ತು, ನೋಟ ಚೆನ್ನಾಗಿತ್ತೆಂದು ಕೇಳಿದ್ದೇನೆ. ಜಿಗಣೆಗಳು ಗಂಡು ಹೆಣ್ಣೆಂಬ ಭೇದವಿಲ್ಲದೆ ಇಬ್ಬರಿಂದಲೂ ರಕ್ತ ಪಡೆದವು.

ನಿಟ್ಟೂರಿನಿಂದ ಶಿವಮೊಗ್ಗಕ್ಕೆ ಹತ್ತಿರಹತ್ತಿರ ನೂರು ಕಿಲೋಮೀಟರು, ಮೂರೂವರೆ ತಾಸು. ರಿಪ್ಪನ್‌ಪೇಟೆಯಲ್ಲಿ ಬಸ್ಸು ಚಹಾಕ್ಕೆಂದು ನಿಂತಿತು. ಇಳಿದರೆ ಮತ್ತೆ ಹತ್ತಬೇಕಲ್ಲ ಎಂದು ನಾವು ಇಳಿಯಲಿಲ್ಲ. ಅಲ್ಲಿ ಸರೋಜ ಕಿಟಕಿಯ ಕಡೆ ನೋಡುತ್ತಲೇ ಮಾತು ತೆಗೆದಳು.

"ರೀ, ಇವತ್ತು ಅಕ್ಕನ ಮನೆಗೆ ಹೋಗೋದು ಬೇಡ. ಶಿವಮೊಗ್ಗದಲ್ಲೇ ಒಂದು ರೂಮು ಮಾಡೋಣ."

ನಾನು ಸುತ್ತಮುತ್ತ ಯಾರಾದರೂ ಕೇಳಿಸಿಕೊಂಡರೇನೋ ಎಂದು ನೋಡಿದೆ. ಶಿವಮೊಗ್ಗದಿಂದ ಹದಿನೆಂಟು ಕಿಲೋಮೀಟರು ಆಚೆ ಭದ್ರಾವತಿಯಲ್ಲಿ ನನ್ನ ಅಕ್ಕ ಗಿರಿಜ ಇದ್ದಾಳೆ. ಅಮ್ಮ ಹೋದ ಮೇಲೆ ನನಗೆ ತವರೆಂಬುದು ಇದ್ದರೆ ಅದು ಅವಳ ಮನೆ. ಅಕ್ಕ ಇರುವ ಕಡೆ ಲಾಡ್ಜಿನಲ್ಲಿ ತಂಗುವುದು ನಮ್ಮ ಕುಲದಲ್ಲಿ ಸಾಮಾನ್ಯ ಅಪರಾಧವಲ್ಲ. ನಮ್ಮ ಚಿಕ್ಕಪ್ಪನ ಮಗ ಒಮ್ಮೆ ಆ ತಪ್ಪು ಮಾಡಿದ. ಹನ್ನೊಂದು ವರ್ಷವಾಯಿತು, ಅವನು ಎದುರಿಗೆ ಬಂದರೆ ಅಕ್ಕ ಈಗಲೂ "ಬನ್ನಿ" ಎಂದು ಬಹುವಚನದಲ್ಲಿ ಕರೆಯುತ್ತಾಳೆ. ಅವಳು ನನ್ನನ್ನೂ "ಬನ್ನಿ" ಎಂದರೆ ಈ ವಯಸ್ಸಿನಲ್ಲಿ ನಾನು ತಡೆದುಕೊಳ್ಳಲಾರೆ.

"ಅಕ್ಕಂಗೆ ಗೊತ್ತಾದ್ರೆ?"

"ಅಕ್ಕನ ಮನೇಲಿ ನಿದ್ದೆ ಮಾಡಕ್ಕಾಗತ್ತಾ, ನೀವೇ ಹೇಳಿ."

ಅದು ನಿಜ. ಅಕ್ಕನ ಪ್ರೀತಿಗೆ ಸದ್ದು ಜಾಸ್ತಿ. ಹಿಂದೊಮ್ಮೆ ನಾನು ಜ್ವರದಲ್ಲಿ ಮಲಗಿದ್ದಾಗ, ನಿದ್ದೆ ಚೆನ್ನಾಗಿ ಬರುತ್ತಿದೆಯೇ ಎಂದು ಕೇಳಲು ಮೂರು ಸಲ ಎಬ್ಬಿಸಿದ್ದಳು. ಈಗಂತೂ ಗುಡ್ಡ ಹತ್ತಿದವರನ್ನು ನೋಡಲು ಬನ್ನಿರೆಂದು ಇಡೀ ಬೀದಿಗೆ ಹೇಳಿಟ್ಟಿದ್ದಳು. ಭಾನುವಾರ ಬರುತ್ತೇವೆಂದು ಅವಳಿಗೆ ತಿಳಿಸಿದ್ದೆವು. ಶನಿವಾರವೇ ಇಳಿದದ್ದು ನಮ್ಮ ಮತ್ತು ಜಿಗಣೆಗಳ ನಡುವಿನ ವಿಷಯ.

ದುರ್ಗಿಗುಡಿಯ ಹತ್ತಿರದ ಒಂದು ಲಾಡ್ಜಿನಲ್ಲಿ ಸಾವಿರದ ನೂರು ರೂಪಾಯಿಗೆ ರೂಮು ಸಿಕ್ಕಿತು. ಮೊದಲ ಮಹಡಿ. ಗೋಡೆ ಹಿಡಿದು ಏಡಿಗಳಂತೆ ಅಡ್ಡಡ್ಡ ಹತ್ತಿದೆವು. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ ಎಂದು ಬೋರ್ಡಿತ್ತು. ತಣ್ಣೀರಿನಲ್ಲೇ ತಲೆ ಮೈ ತೊಳೆದು, ಕೆಳಗಿನ ಹೋಟೆಲಿನಲ್ಲಿ ತಲಾ ಎರಡು ಮಸಾಲೆ ದೋಸೆ, ಮೇಲೆ ಒಂದು ಪ್ಲೇಟು ಕೇಸರಿಬಾತು ತಿಂದೆವು. ಎರಡನೇ ದೋಸೆ ಅರ್ಧವಾಗಿದ್ದಾಗ ಅಕ್ಕನ ಫೋನು ಬಂತು.

"ಎಲ್ಲಿದೀಯೋ ರಾಮು?"

"ಇನ್ನೂ ಗುಡ್ಡದಲ್ಲೇ ಅಕ್ಕಾ. ಇಲ್ಲಿ ನೆಟ್‌ವರ್ಕೇ ಸಿಗಲ್ಲ."

ಹಿಂದಿನಿಂದ ಸಪ್ಲೈಯರು "ಎರಡು ಖಾಲಿ, ಒಂದು ಸೆಟ್!" ಎಂದು ಕೂಗಿದ. "ಅಲ್ಲೂ ಹೋಟ್ಲು ಬಂತಾ?" ಎಂದಳು ಅಕ್ಕ. "ಏನು ಕಾಲ ಮಾರಾಯ." ಫೋನಿಟ್ಟಳು. ಆಮೇಲೆ ದೋಸೆ ಗಂಟಲಲ್ಲಿ ಸರಾಗವಾಗಿ ಇಳಿಯಲಿಲ್ಲ. ಇಳಿಯಿತು, ಆದರೆ ಸರಾಗವಾಗಿ ಅಲ್ಲ.

ಸಂಜೆ ಏಳೂವರೆಗೆ ಮಲಗಿದವರು ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಎದ್ದೆವು. ಹದಿನಾಲ್ಕು ತಾಸು. ಬಿಸಿನೀರು ಬಂದು ಹೋಗಿತ್ತು. ನಾನು ಮೂವತ್ತೈದು ವರ್ಷದ ಅಭ್ಯಾಸದಂತೆ ಗಡ್ಡ ಹೆರೆದುಕೊಂಡು ಬಂದೆ. ಸರೋಜ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಹಿಂಗೆ ಮದುಮಗನ ಥರ ಹೋದ್ರೆ ಗುಡ್ಡ ಇಳಿದು ಬಂದ್ವಿ ಅಂತ ಯಾರು ನಂಬ್ತಾರೆ?"

ಹೀಗಾಗಿ, ಮನೆಯಲ್ಲಿ ಒಗೆಯಲೆಂದು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಟ್ಟಿದ್ದ ಕೆಸರಿನ ಬಟ್ಟೆಗಳನ್ನು ಬಿಚ್ಚಿ, ಒದ್ದೆ ಸಾಕ್ಸು ಸಮೇತ ಮತ್ತೆ ಧರಿಸಿದೆವು. ಲಾಡ್ಜಿನ ಮ್ಯಾನೇಜರು ಬಹಳ ಜನರನ್ನು ಕಂಡವರಿರಬೇಕು. ಶುಭ್ರವಾಗಿ ಮಲಗಿ ಕೊಳಕಾಗಿ ಎದ್ದು ಹೋಗುವವರನ್ನು ಅವರು ಅಂದೇ ಮೊದಲು ಕಂಡದ್ದು.

ಭದ್ರಾವತಿಯ ಬಸ್ಸಿನಲ್ಲಿ ಸರೋಜಳ ಪ್ರಯಾಣ ಸರ್ಕಾರದ ಕೃಪೆಯಿಂದ ಉಚಿತ. ನನ್ನದಕ್ಕೆ ದುಡ್ಡು ಕೊಟ್ಟೆ. ನಮ್ಮ ಪಕ್ಕದ ಸೀಟು ಕೊನೆಯವರೆಗೂ ಖಾಲಿ ಇತ್ತು. ಮುಕ್ಕಾಲು ಗಂಟೆಯಲ್ಲಿ ಊರು ಬಂತು.

ಭಾವ ಕಾಗದದ ಕಾರ್ಖಾನೆಯಿಂದ ನಿವೃತ್ತರು, ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಅಕ್ಕ ಬಾಗಿಲಿಗೆ ಬಂದಳು. ನಾನು ಪೂರ್ವಯೋಜನೆಯಂತೆ ಸ್ವಲ್ಪ ಕುಂಟಿದೆ. ಅಕ್ಕ ನನ್ನ ಪ್ಯಾಂಟಿನ ಕೆಸರು ನೋಡಿದಳು, ಆಮೇಲೆ ಕೆನ್ನೆ ನೋಡಿದಳು. ನೋಡುತ್ತಲೇ ಇದ್ದಳು.

"ಗುಡ್ಡದ ಮೇಲೆ ಕಟಿಂಗ್ ಶಾಪೂ ಬಂದಿದೆಯೇನೋ?"

ನಾನು ಕೆನ್ನೆ ಮುಟ್ಟಿಕೊಂಡೆ. ನುಣ್ಣಗಿತ್ತು. ಅಕ್ಕ ಸರೋಜಳ ಹತ್ತಿರ ಹೋಗಿ ಅವಳ ತಲೆ ಮೂಸಿದಳು. "ಶಾಂಪೂ" ಎಂದಳು. ತಿರುಗಿ ಒಳಗೆ ಹೋದಳು.

"ಬೆಳಿಗ್ಗೆ ಐದಕ್ಕೇ ಹಂಡೆಗೆ ಬೆಂಕಿ ಹಾಕಿದಾಳೆ ಕಣಯ್ಯ" ಎಂದರು ಭಾವ ಪೇಪರಿನ ಹಿಂದಿನಿಂದ. "ನಿಮ್ಮಿಬ್ಬರಿಗೆ ಎಣ್ಣೆ ಹಚ್ಚಿ ನೀರು ಹಾಕ್ಬೇಕು ಅಂತ."

ನನಗೆ ಗುಡ್ಡದಲ್ಲಿ ಆಗದಿದ್ದ ಆಯಾಸ ಆಗ ಆಯಿತು. ಸರೋಜ ಧೈರ್ಯಸ್ಥೆ. ನೇರ ಅಡುಗೆಮನೆಗೆ ಹೋದಳು. ನಾನು ಬಾಗಿಲ ಮರೆಯಲ್ಲಿ ನಿಂತೆ.

"ಅಕ್ಕಾ, ತಪ್ಪು ನಂದು. ನಿನ್ನೆ ಶಿವಮೊಗ್ಗದಲ್ಲಿ ರೂಮು ಮಾಡಿ ಮಲಗಿದ್ವಿ. ನಿಮ್ಮನೇಲಿ ಊಟ ಸಿಗತ್ತೆ, ಉಪಚಾರ ಸಿಗತ್ತೆ. ನಿದ್ದೆ ಮಾತ್ರ ಸಿಗಲ್ಲ ಅಕ್ಕಾ. ನೀವು ಮಲಗಕ್ಕೆ ಬಿಡಲ್ಲ."

ಅಕ್ಕ ಕುದಿಯುವ ಸಾರಿಗೆ ಮುಚ್ಚಳ ಮುಚ್ಚಿದಳು. ನಾನು ಬಹುವಚನಕ್ಕೆ ಸಿದ್ಧನಾದೆ.

"ಬಿಸಿನೀರಾದ್ರೂ ಕೊಟ್ರಾ ಅಲ್ಲಿ?" ಎಂದಳು ಅಕ್ಕ.

"ಇಲ್ಲ."

"ದುಡ್ಡು ಕೊಟ್ಟು ತಣ್ಣೀರು. ದರಿದ್ರದವರು." ಅಕ್ಕ ಸೆರಗು ಸಿಕ್ಕಿಸಿಕೊಂಡಳು. "ಬಾ. ಅವನಿಗೂ ಹೇಳು, ಆ ನಾಟಕದ ಬಟ್ಟೆ ಬಿಚ್ಚಕ್ಕೆ."

ಎಣ್ಣೆ, ಸೀಗೆಪುಡಿ, ಚರ್ಮ ಸುಲಿಯುವ ನೀರು. ಅದಾದ ಮೇಲೆ ಅಕ್ಕ ನಮ್ಮಿಬ್ಬರನ್ನೂ ನಡುಕೋಣೆಗೆ ಕರೆದೊಯ್ದು ಕಿಟಕಿ ಮುಚ್ಚಿದಳು, ಫ್ಯಾನು ಹಾಕಿದಳು. "ಮಲಗಿ. ನಾಲ್ಕು ಗಂಟೆ ತನಕ ಯಾರಾದ್ರೂ ಮಾತಾಡಿಸ್ತಾರಾ ನೋಡ್ತೀನಿ." ಬಾಗಿಲು ಎಳೆದುಕೊಂಡಳು. ಗಂಟೆ ಹನ್ನೆರಡೂವರೆ.

ಹದಿನಾಲ್ಕು ತಾಸು ಮಲಗಿ ಎದ್ದ ಇಬ್ಬರು ಹಿರಿಯರು ಚಾವಣಿ ನೋಡುತ್ತ ಮಲಗಿದೆವು. ಅಡುಗೆಮನೆಯಿಂದ ನಾಟಿ ಕೋಳಿ ಸಾರಿನ ವಾಸನೆ ಬಾಗಿಲ ಸಂದಿಯಿಂದ ತೂರಿ ಬರುತ್ತಿತ್ತು. ಗೇಟು ಕಿರುಗುಟ್ಟಿತು. ಪಕ್ಕದ ಮನೆಯ ಸೆಲ್ವಿಯಮ್ಮನ ದನಿ: "ಗಿರಿಜಕ್ಕಾ, ಬೆಟ್ಟದವರು ಬಂದ್ರಾ?"

"ಶ್! ಮಲಗಿದಾರೆ. ಸಂಜೆ ಬಾ."

"ಸುಮ್ನೆ ನೋಡ್ಕೊಂಡು ಹೋಗ್ತೀನಿ ಕಣಕ್ಕಾ."

"ಮಲಗಿರೋರನ್ನ ಏನು ನೋಡ್ತೀಯೇ ಮಾರಾಯ್ತಿ? ನಡಿ ನಡಿ."

ಸರೋಜ ದಿಂಬು ಕಚ್ಚಿ ನಕ್ಕಳು. ಹೀಗೆ ನಾಲ್ಕು ಮನೆಯವರು ಬಂದು ತಿರುಗಿ ಹೋದರು. ಒಂದೂವರೆಗೆ ಹಸಿವು ತಾಳದೆ ನಾನು ಬಾಗಿಲನ್ನು ಎರಡು ಬೆರಳಿನಷ್ಟು ಸರಿಸಿ ನೋಡಿದೆ. ಭಾವ ಟಿವಿಯಲ್ಲಿ ಕ್ರಿಕೆಟ್ಟು ನೋಡುತ್ತಿದ್ದರು, ಸದ್ದಿಲ್ಲದೆ. ವಿಕೆಟ್ಟು ಬಿದ್ದಾಗ ತೊಡೆ ತಟ್ಟಲು ಎತ್ತಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದರು. ಹಿತ್ತಿಲ ಕಡೆ ಅಕ್ಕ ರುಬ್ಬುವ ಕಲ್ಲಿನ ಮುಂದೆ ಕೂತು ಚಟ್ನಿ ರುಬ್ಬುತ್ತಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ಮಿಕ್ಸಿ ಇತ್ತು. ಅಕ್ಕನಿಗೆ ಅರವತ್ತೆಂಟು, ಬಲಗೈ ಭುಜದ ನೋವು ಬಹಳ ವರ್ಷದ್ದು. ಒಂದೆರಡು ಸುತ್ತಿಗೊಮ್ಮೆ ಕೈ ನಿಲ್ಲಿಸಿ ನಮ್ಮ ಕೋಣೆಯ ಕಡೆ ಕಿವಿಗೊಟ್ಟು, ಮತ್ತೆ ಮೆಲ್ಲಗೆ ತಿರುಗಿಸುತ್ತಿದ್ದಳು.

ನಾನು ಬಾಗಿಲು ಮೊದಲಿನಂತೆ ಮುಚ್ಚಿ ಬಂದು ಮಲಗಿದೆ.

"ಏನಂತೆ?" ಎಂದಳು ಸರೋಜ.

"ಗೊರಕೆ ಹೊಡಿ" ಎಂದೆ.

ಅವಳೂ ಹೊಡೆದಳು, ನಾನೂ ಹೊಡೆದೆ. ಸರದಿಯ ಮೇಲೆ.

ನಾಲ್ಕಕ್ಕೆ ಸರಿಯಾಗಿ ಅಕ್ಕ ಬಾಗಿಲು ತೆಗೆದಳು. ಮುಖದ ತುಂಬ ಗೆದ್ದವಳ ಸಂತೋಷ.

"ಈಗ ಹೇಳೋ ರಾಮು. ಲಾಡ್ಜಿನ ನಿದ್ದೆ ಚೆನ್ನಾಗಿತ್ತಾ, ಇದು ಚೆನ್ನಾಗಿತ್ತಾ?"

"ಇದು" ಎಂದೆವು ಇಬ್ಬರೂ.

"ಗೊರಕೆ ಕೇಳೇ ಗೊತ್ತಾಯ್ತು ಬಿಡು. ಏಳಿ, ಕಡುಬು ಆರೋಗತ್ತೆ."

ಊಟಕ್ಕೆ ಕೂತಾಗ ನಾಲ್ಕೂಕಾಲು. ನಾನು ಎಂಟು ಕಡುಬು ತಿಂದೆ.